ಒಂದೇ ಹೊಳ್ಳೆಯ ಶೀತ

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಕಾರ್ಕಳದ ನನ್ನ ಕ್ಲಿನಿಕ್ಕಿನಲ್ಲಿ ಒಬ್ಬರ ಮೂಗಿನೊಳಗೆ ಬೆಳಕು ಬಿಟ್ಟು ನೋಡುತ್ತಿದ್ದೆ. ಮೇಜಿನ ಮೇಲೆ ಫೋನು ಒಂದೇ ಸಮನೆ ನಡುಗುತ್ತಿತ್ತು. ನೋಡುವುದು ಮುಗಿಯದೆ ಫೋನು ಮುಟ್ಟುವ ಅಭ್ಯಾಸ ನನಗಿಲ್ಲ. ಅದನ್ನು ಕಲಿಸಿದವರೂ ಅವರೇ. ಎರಡೂ ಕಡೆ ನೋಡಿ, ಗಾಬರಿಪಡುವಂಥದ್ದು ಏನೂ ಇಲ್ಲವೆಂದು ರೋಗಿಗೆ ಹೇಳಿ ಕಳಿಸಿದ ಮೇಲೆ ಫೋನು ಎತ್ತಿಕೊಂಡೆ. ಹಳೆಯ ಸಹಪಾಠಿಗಳ ಹನ್ನೊಂದು ಕರೆಗಳು ಬಂದು ಬಿದ್ದಿದ್ದವು. ಅಷ್ಟು ಜನ ಒಟ್ಟಿಗೆ ನನ್ನನ್ನು ನೆನೆಯಬೇಕಾದರೆ ಕಾರಣ ಏನಿರಬಹುದೆಂದು ಎತ್ತುವ ಮೊದಲೇ ಗೊತ್ತಾಗಿತ್ತು.

ಕಾಪುವಿನ ಹತ್ತಿರದ ಅವರ ಊರಿನ ಇಗರ್ಜಿಯಲ್ಲಿ ಪೂಜೆ, ಆಮೇಲೆ ಮಣ್ಣು. ನಾವು ಶಿಷ್ಯರು ಹತ್ತು ಹನ್ನೆರಡು ಜನ ತರಗತಿಯಲ್ಲಿ ಕೂರುತ್ತಿದ್ದ ಹಾಗೆಯೇ ಕೊನೆಯ ಬೆಂಚು ಹಿಡಿದು ಕೂತಿದ್ದೆವು. ಹೊರಗೆ ಬಂದ ಮೇಲೆ ಎಲ್ಲರೂ ಅವರ ಕೈಯನ್ನು ಹೊಗಳಿದರು. ಮೂಗು, ಸೈನಸ್ಸುಗಳ ಒಳಗೆ ಹುಟ್ಟುವ ಅಪರೂಪದ ಕ್ಯಾನ್ಸರನ್ನು ಮುಖದ ಮೇಲೆ ಒಂದು ಗೀರೂ ಬೀಳದಂತೆ ಹೊಳ್ಳೆಯ ಒಳಗಿನಿಂದಲೇ ತೆಗೆಯುತ್ತಿದ್ದ ಕೈ ಅದು, ಹೊಗಳಬೇಕಾದದ್ದೇ. ಆದರೂ ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು. ಚೆನ್ನಾಗಿ ಕತ್ತರಿಸುವವರು ಬೇರೆಯೂ ಇದ್ದಾರೆ. ಮೇಡಂ ಎಂಥವರಾಗಿದ್ದರು ಎಂದು ಹೇಳಬೇಕಾದರೆ ಒಬ್ಬ ಬಡಗಿಯ ಬಲಗಣ್ಣಿನ ವಿಷಯ ಹೇಳಬೇಕು. ಅದನ್ನು ಹೇಳಲು ಹೊರಟರೆ ನನ್ನ ತಪ್ಪನ್ನೂ ಹೇಳಬೇಕು. ಅಲ್ಲಿ ಬಾಯಿ ಬಿಡಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ, ಆಸ್ಪತ್ರೆಯ ಹೆಸರನ್ನೂ. ಉಡುಪಿಯ ಸುತ್ತಮುತ್ತ ಆಸ್ಪತ್ರೆಗಳಿಗೆ ಬರವಿಲ್ಲ, ಯಾವುದಾದರೊಂದು ಎಂದುಕೊಂಡರೆ ಸಾಕು. ಐದಡಿಯೂ ಇಲ್ಲದ ಹೆಂಗಸು. ಆಪರೇಷನ್ ಮಾಡುವಾಗ ಅವರಿಗೊಂದು ಮರದ ಮಣೆ ಬೇಕಿತ್ತು, ಅದರ ಮೇಲೆ ಹತ್ತಿ ನಿಂತರೆ ಆರು ಗಂಟೆ ಇಳಿಯುತ್ತಿರಲಿಲ್ಲ. ವಾರವಿಡೀ ಪರ್ಕಳದ ಬಾಡಿಗೆ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು, ಶನಿವಾರ ಸಂಜೆ ಬಸ್ಸು ಹಿಡಿದು ಕಾಪುವಿಗೆ ಹೋಗುತ್ತಿದ್ದರು. ವಿಭಾಗದ ಮುಖ್ಯಸ್ಥೆಯಾದ ಮೇಲೂ ಕಾರು ತೆಗೆದುಕೊಳ್ಳಲಿಲ್ಲ. "ಬಸ್ಸಿನಲ್ಲಿ ಎಷ್ಟು ಮೂಗು ನೋಡ್ಲಿಕ್ಕೆ ಸಿಗ್ತದೆ ಮಾರಾಯ," ಎನ್ನುತ್ತಿದ್ದರು. ತಮಾಷೆಯಲ್ಲ. ಒಮ್ಮೆ ಕಾಪು ಬಸ್ಸಿನ ಕಂಡಕ್ಟರು ಟಿಕೆಟ್ ಕೇಳಿದ ದನಿಯಲ್ಲೇ ಇವರಿಗೆ ಸಂಶಯ ಬಂದು, "ನಿಮ್ಮ ಒಂದು ಹೊಳ್ಳೆ ಕಟ್ಟಿದೆ, ಅಲ್ವಾ? ರಕ್ತ ಬರ್ತದಾ?" ಎಂದು ತುಂಬಿದ ಬಸ್ಸಿನಲ್ಲೇ ಕೇಳಿದರಂತೆ. ಆ ಮನುಷ್ಯ ಸೋಮವಾರ ಹೆದರಿ ಬಿಳುಚಿಕೊಂಡು ಆಸ್ಪತ್ರೆಗೆ ಬಂದ. ನೋಡಿದರೆ ಮೂಗಿನ ನಡುವಿನ ಗೋಡೆ ಸ್ವಲ್ಪ ಸೊಟ್ಟ, ಅಷ್ಟೇ. ನಾವೆಲ್ಲ ಮುಸಿಮುಸಿ ನಕ್ಕೆವು. ಮೇಡಂ ಆತನಿಗೆ ಕ್ಷಮೆ ಕೇಳಿ, ಕಾಫಿ ಕುಡಿಸಿ ಕಳಿಸಿ, ನಮ್ಮ ಕಡೆ ತಿರುಗಿದರು. "ಸುಮ್ಮನೆ ಹೆದರಿಸಿದ್ದಕ್ಕೆ ಕ್ಷಮೆ ಕೇಳಬಹುದು. ಹೆದರಿಸದೆ ಬಿಟ್ಟವನ ಹತ್ತಿರ ಎಂತ ಕೇಳುದು?" ಎಂದರು. ಯಾರೂ ಮತ್ತೆ ನಗಲಿಲ್ಲ.

ಅವರ ಪಾಠದ ಅರ್ಧ ಭಾಗ ಒಂದೇ ಮಾತಿನಲ್ಲಿತ್ತು: ಶೀತವಾದರೆ ಎರಡು ಹೊಳ್ಳೆಗೂ ಆಗಬೇಕು. ಒಂದೇ ಹೊಳ್ಳೆಯ ಶೀತ ಶೀತವಲ್ಲ, ಅದು ಬೇರೆ ಏನೋ, ಅದು ಏನೆಂದು ಗೊತ್ತಾಗುವವರೆಗೆ ನಿದ್ದೆ ಮಾಡಬಾರದು. ಉಳಿದರ್ಧ, ಎಲ್ಲರ ಹತ್ತಿರ ಕೆಲಸ ಕೇಳುವುದು. ಹೆಸರು, ವಯಸ್ಸು ಕೇಳುವ ಮೊದಲೇ "ಎಂತ ಕೆಲಸ?" ಎಂದು ಕೇಳುತ್ತಿದ್ದರು. ಮರದ ಹುಡಿ, ಚರ್ಮದ ಹುಡಿ ವರ್ಷಗಟ್ಟಲೆ ಮೂಗಿನೊಳಗೆ ಕೂತರೆ ಎಂಥ ಗಡ್ಡೆ ಬೆಳೆಯಬಹುದು ಎಂಬುದು ಪುಸ್ತಕದಲ್ಲಿ ನಾಲ್ಕು ಸಾಲು. ಅವರಿಗೆ ಅದು ದಿನದ ಯೋಚನೆಯಾಗಿತ್ತು.

ಇನ್ನೊಂದು ಅಭ್ಯಾಸ ಹೇಳಲೇಬೇಕು. ಯಾರದ್ದಾದರೂ ಮೂಗಿನಿಂದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರೆ, ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ಒಂದು ಚೂರು ಹರಿದು, ಅದರಲ್ಲಿ ರೋಗಿಯ ಹೆಸರು ಬರೆದು, ತಮ್ಮ ಕೋಟಿನ ತೋಳಿಗೆ ಅಂಟಿಸಿಕೊಳ್ಳುತ್ತಿದ್ದರು. ಲ್ಯಾಬಿನ ರಿಪೋರ್ಟನ್ನು ತಾವೇ ಓದಿದ ಮೇಲೆಯೇ ಅದನ್ನು ಕೀಳುವುದು. ಕೆಲವು ವಾರ ತೋಳಿನ ತುಂಬ ಪಟ್ಟಿಗಳಿರುತ್ತಿದ್ದವು. ನಾವು ಹಿಂದಿನಿಂದ "ಮೇಡಮ್ಮಿನ ಬಳೆ" ಎನ್ನುತ್ತಿದ್ದೆವು. ಅವರಿಗೆ ಗೊತ್ತಿತ್ತು. "ನನಗೆ ಬಳೆ ಹಾಕುವವರು ಬೇರೆ ಯಾರಿದ್ದಾರೆ?" ಎಂದು ಒಮ್ಮೆ ನಕ್ಕಿದ್ದರು.

ಮತ್ತೆ ಭಾಷೆಯ ವಿಷಯ. ಮನೆಯಲ್ಲಿ ಅವರದು ಕೊಂಕಣಿ, ರೋಗಿಗಳ ಜೊತೆಯೂ ನಮ್ಮ ಜೊತೆಯೂ ತುಳು, ಅದೂ ಬೈಗುಳ ಸಮೇತ. ಆದರೆ ಕೆಟ್ಟ ಸುದ್ದಿ ಹೇಳುವಾಗ ಮಾತ್ರ ತಟ್ಟನೆ ಕನ್ನಡಕ್ಕೆ ಬರುತ್ತಿದ್ದರು, ಪುಸ್ತಕ ಓದಿದ ಹಾಗೆ ಒಂದೊಂದೇ ಶಬ್ದ. ಯಾಕೆಂದು ಕೇಳಿದ್ದಕ್ಕೆ, "ತುಳುವಿನಲ್ಲಿ ಶುರು ಮಾಡಿದ್ರೆ ನಾನು ಸಮಾಧಾನ ಹೇಳ್ಲಿಕ್ಕೆ ಹೋಗ್ತೇನೆ. ಸಮಾಧಾನ ಹೇಳ್ತಾ ಹೇಳ್ತಾ ವಿಷಯ ಹೇಳುದೇ ಬಿಟ್ಟು ಹೋಗ್ತದೆ," ಎಂದರು. ಮನೆಯವರು ಬಂದು "ಅವರಿಗೆ ಹೇಳ್ಬೇಡಿ, ನಮಗೆ ಹೇಳಿ" ಎಂದು ಕೈಮುಗಿದರೆ ಅವರದ್ದು ಒಂದೇ ಉತ್ತರ: "ಮೂಗು ಯಾರದ್ದು?"

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹಿರಿಯಡ್ಕದ ಒಬ್ಬರು ಆಚಾರ್ರು, ಐವತ್ತು ದಾಟಿದ ಬಡಗಿ. ಕಾರ್ಕಳದಲ್ಲಿ ನಾನು ಮನೆ ಕಟ್ಟಿಸಿದಾಗ ಬಾಗಿಲು, ಕಿಟಕಿ ಮಾಡಿದವರು. ಬಲ ಹೊಳ್ಳೆ ಕಟ್ಟಿದೆ, ಆಗಾಗ ರಕ್ತ ಬರುತ್ತದೆ ಎಂದು ಬಂದರು. ಒಳಗೆ ದ್ರಾಕ್ಷಿಯಂತೆ ಒಂದು ಗಡ್ಡೆ ತೂಗುತ್ತಿತ್ತು. ಮೇಡಂ ಹೇಳಿದ್ದೆಲ್ಲ ನೆನಪಿತ್ತು. ಗಡ್ಡೆ ತೆಗೆದೆ, ಬಾಟಲಿಗೆ ಹಾಕಿದೆ, ಅವರ ಹೆಂಡತಿಯ ಕೈಯಲ್ಲಿ ಕೊಟ್ಟು ಉಡುಪಿಯ ಲ್ಯಾಬಿಗೆ ಕಳಿಸಿದೆ. ಅಷ್ಟರವರೆಗೆ ಎಲ್ಲ ಸರಿ. ಎರಡು ವಾರದ ಮೇಲೆ ಆಚಾರ್ರ ಫೋನು ಬಂತು.

"ರಿಪೋರ್ಟ್ ಸಿಕ್ಕಿದೆ ಡಾಕ್ಟ್ರೇ, ಕವರ್ ಮನೆಯಲ್ಲೇ ಉಂಟು. ನಾನು ಕಾಪುವಿನಲ್ಲಿ ದುಬಾಯಿಯವರ ಮನೆ ಕೆಲಸ ಹಿಡಿದಿದ್ದೇನೆ. ಯಾವಾಗ ಬರ್ಲಿ?"

"ಮೂಗು ಹೇಗುಂಟು?"

"ಫಸ್ಟ್ ಕ್ಲಾಸ್! ಉಸಿರು ಸರಾಗ."

"ಹಾಗಾದ್ರೆ ಅರ್ಜೆಂಟ್ ಎಂತ ಇಲ್ಲ. ಈ ಕಡೆ ಬರುವಾಗ ತನ್ನಿ," ಎಂದೆ.

ಕೆಲಸದಲ್ಲಿರುವ ಮನುಷ್ಯನನ್ನು ಅವಸರ ಮಾಡಬಾರದು ಎಂಬ ನಮ್ಮ ಕಡೆಯ ಮರ್ಯಾದೆ ನನ್ನದು. ಡಾಕ್ಟರ ಹೆಸರಿಗೆ ಬಂದ ಕವರನ್ನು ತಾವು ಒಡೆಯಬಾರದು ಎಂಬ ಮರ್ಯಾದೆ ಅವರದು. ಎರಡು ಮರ್ಯಾದೆ ಸೇರಿ ಏಳು ತಿಂಗಳು ತಿಂದವು. ಕಾಪುವಿನ ಆ ಮನೆಯಲ್ಲೇ ಉಳಿದುಕೊಂಡು ಅವರು ಸಾಗುವಾನಿ ಉಜ್ಜಿದರು, ಕವರು ಹಿರಿಯಡ್ಕದಲ್ಲಿ ಕಪಾಟಿನ ಮೇಲಿತ್ತು. ಬಲಗಣ್ಣಿನಲ್ಲಿ ನೀರು ಸುರಿಯತೊಡಗಿ, ಕಣ್ಣು ಸ್ವಲ್ಪ ಹೊರಗೆ ಬಂದ ಹಾಗೆ ಕಾಣಿಸಿದಾಗ ಬಂದರು. ಜೊತೆಗೆ ಅಂಟು ಬಿಡದ ಕವರು. ಅವರ ಎದುರೇ ಒಡೆದೆ. ಕ್ಯಾನ್ಸರ್ ಎಂದು ಏಳು ತಿಂಗಳ ಹಿಂದೆಯೇ ಬರೆದಿತ್ತು.

ಮರುದಿನ ಬೆಳಿಗ್ಗೆ ಗಂಡಹೆಂಡತಿಯನ್ನು ನಾನೇ ಮೇಡಮ್ಮಿನ ಹತ್ತಿರ ಕರೆದುಕೊಂಡು ಹೋದೆ. ಅವರು ಆಚಾರ್ರ ಅಂಗಿಯ ತೋಳು ಹಿಡಿದು ಮೂಸಿ ನೋಡಿದರು.

"ಸಾಗುವಾನಿಯಾ?"

"ಹೌದು ಬಾಯಮ್ಮ. ಮೊದಲು ಹಲಸು, ಈಗೆಲ್ಲ ಸಾಗುವಾನಿ." ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವುದೇ ಬಾಯಮ್ಮ ಎಂದು.

"ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ತೀರಾ?"

"ಕಟ್ಟಿದ್ರೆ ಮರದ ವಾಸನೆ ಗೊತ್ತಾಗುದಿಲ್ಲ ಅಲ್ವಾ?"

ಅವರನ್ನು ಸ್ಕ್ಯಾನಿಗೆ ಕಳಿಸಿ, ಬಾಗಿಲು ಹಾಕಿ, ಮೇಡಂ ರಿಪೋರ್ಟಿನ ತಾರೀಕಿನ ಮೇಲೆ ಬೆರಳಿಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಬೈದಿದ್ದರೆ ಸುಖವಿತ್ತು. ಬೈಯಲಿಲ್ಲ. ಪ್ಲಾಸ್ಟರಿನ ಚೂರು ಹರಿದು, ಆಚಾರ್ರ ಹೆಸರು ಬರೆದು, ನನ್ನ ಅಂಗಿಯ ತೋಳಿಗೆ ಅಂಟಿಸಿದರು.

"ಇದನ್ನು ಅವರಿಗೆ ನೀನೇ ಹೇಳ್ಬೇಕು. ಆಪರೇಷನ್ನಿಗೆ ಸಹಿ ಹಾಕುವ ಮೊದಲು."

"ಆಪರೇಷನ್ ಆದ ಮೇಲೆ ಹೇಳ್ತೇನೆ ಮೇಡಂ. ಈಗ ಅವರಿಗೆ ಧೈರ್ಯ ಬೇಕು."

"ಧೈರ್ಯ ಬೇಕಾದದ್ದು ನಿನಗೆ," ಎಂದರು. "ಆಮೇಲೆ ಹೇಳಿದ್ರೆ ಅವರು ಕ್ಷಮಿಸುದು ಬಿಟ್ಟು ಬೇರೆ ಎಂತ ಮಾಡ್ಲಿಕ್ಕುಂಟು? ಈಗ ಹೇಳಿದ್ರೆ, ಈ ಡಾಕ್ಟ್ರೂ ಬೇಡ, ಇವನ ಮೇಡಮ್ಮೂ ಬೇಡ ಅಂತ ಎದ್ದು ಹೋಗಬಹುದು. ಆ ದಾರಿ ಅವರಿಗೆ ಇರ್ಬೇಕು."

ಸ್ಕ್ಯಾನಿನ ಹೊರಗಿನ ಬೆಂಚಿನಲ್ಲಿ ಹೇಳಿದೆ. ಆಚಾರ್ರು ನೆಲ ನೋಡಿದರು. ಅವರ ಹೆಂಡತಿ ನನ್ನನ್ನೇ ನೋಡಿದರು. "ನಾವು ಕವರ್ ಒಡೆದಿದ್ರೂ ನಮಗೆ ಓದ್ಲಿಕ್ಕೆ ಬರ್ತಿರ್ಲಿಲ್ಲ. ಓದ್ಲಿಕ್ಕೆ ಬರುವವರು ನೀವಲ್ವಾ ಡಾಕ್ಟ್ರೇ?" ಎಂದರು. ದನಿ ಎತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಆಚಾರ್ರು ಎದ್ದು, ಹೊರಗಿನ ದಾರಿ ಬಿಟ್ಟು, ಮೇಡಮ್ಮಿನ ಕೋಣೆಯ ಕಡೆ ನಡೆದರು.

ಮೇಡಂ ಕನ್ನಡದಲ್ಲಿ ಶುರು ಮಾಡಿದರು. ಕಾಗದದ ಮೇಲೆ ಮನೆಯ ಹಾಗೆ ಒಂದು ಚಿತ್ರ ಬರೆದರು. ಗಡ್ಡೆ ಇರುವ ಕೋಣೆ ಇದು. ಮೇಲಿನ ಮಾಡಿನ ಆಚೆ ಮೆದುಳು. ಪಕ್ಕದ ಗೋಡೆಯ ಆಚೆ ಕಣ್ಣು, ಆ ಗೋಡೆ ಕಾಗದದಷ್ಟು ತೆಳು, ಅದನ್ನು ಗಡ್ಡೆ ತಿಂದಿದೆ. ಆಚಾರ್ರು ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಗೆದ್ದಲು ಹಿಡಿದ ಮಾಡಿನ ಪಕ್ಕಾಸು ಕೊಯ್ಯುವಾಗ ಒಂದು ಗೇಣು ಒಳ್ಳೆ ಮರವನ್ನೂ ಸೇರಿಸಿ ಕೊಯ್ಯುದು ನಾವು. ಇಲ್ಲದಿದ್ರೆ ಮತ್ತೆ ಬರ್ತದೆ."

"ಇಲ್ಲಿ ಗೇಣು ಇಲ್ಲ ಆಚಾರ್ರೇ. ಗೋಡೆಯ ಆಚೆಗೇ ಕಣ್ಣು ಉಂಟು. ಕಣ್ಣಿನ ಸುತ್ತ ಒಂದು ಪೊರೆ, ಪೊರೆಯ ಒಳಗೆ ಕೊಬ್ಬು. ರೋಗ ಪೊರೆಯಲ್ಲೇ ನಿಂತಿದ್ರೆ ಕಣ್ಣು ಉಳಿಸ್ತೇನೆ. ಒಳಗಿನ ಕೊಬ್ಬಿಗೆ ಹೋಗಿದ್ರೆ ಉಳಿಸುವುದಿಲ್ಲ."

ಆಚಾರ್ರು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಮೇಜಿನ ಅಂಚನ್ನು ನೋಡಿದರು. ಹಲಗೆ ನೇರ ಉಂಟೋ ಇಲ್ಲವೋ ಎಂದು ಬಡಗಿಗಳು ನೋಡುವುದೇ ಹಾಗೆ. "ನಲುವತ್ತು ವರ್ಷ ಇದೇ ಕಣ್ಣು ಬಾಯಮ್ಮ. ಇನ್ನೊಂದಕ್ಕೆ ಅಭ್ಯಾಸ ಇಲ್ಲ," ಎಂದರು. ಆಮೇಲೆ ಸಹಿ ಹಾಕಿದರು.

ಆಪರೇಷನ್ನಿನ ದಿನ ಮೇಡಂ ನನ್ನನ್ನು ಒಳಗೆ ನಿಲ್ಲಿಸಿಕೊಂಡರು. ಮಣೆ ಹತ್ತುವ ಮೊದಲು ಅವರು ಆಚಾರ್ರ ಹಣೆಯ ಮೇಲೆ ಕೈಯಿಟ್ಟು, ಮದ್ದಿಗೆ ಕಣ್ಣು ಎಳೆಯುವವರೆಗೂ ತೆಗೆಯಲಿಲ್ಲ. ಆಮೇಲೆ ಮೂರೂವರೆ ಗಂಟೆ ಅವರ ಕಣ್ಣು ಪರದೆಯಿಂದ ಕದಲಲಿಲ್ಲ. ಗಡ್ಡೆ ಚೂರು ಚೂರಾಗಿ ಬಂತು. ಮಾಡು ಗಟ್ಟಿ ಇತ್ತು, ಮೆದುಳಿನ ಕಡೆ ಹೋಗಿರಲಿಲ್ಲ. ಎಲ್ಲರೂ ಸ್ವಲ್ಪ ಹಗುರಾದರು. ಪಕ್ಕದ ಗೋಡೆ ಇರಲೇ ಇಲ್ಲ. ಪೊರೆಯನ್ನು ತೆಗೆದ ಮೇಲೆ ಒಳಗಿನ ಕೊಬ್ಬು ಹಳದಿ ಇರುವುದು ಬಿಟ್ಟು ಕೆಂಪಗೆ, ಗಟ್ಟಿಯಾಗಿ, ಕಣ್ಣು ತಿರುಗಿಸುವ ಸ್ನಾಯುವಿಗೆ ಅಂಟಿಕೊಂಡಿತ್ತು. ಊತವೂ ಇರಬಹುದು, ರೋಗವೂ ಇರಬಹುದು. ಕಣ್ಣಿನಿಂದ ನೋಡಿ ಹೇಳುವ ಹಾಗಿರಲಿಲ್ಲ. ಮೇಡಂ ಎರಡು ಚೂರು ತೆಗೆದು ಬಾಟಲಿಗೆ ಹಾಕಿ ನನ್ನ ಕಡೆ ಚಾಚಿದರು.

"ನೀನೇ ತಗೊಂಡು ಹೋಗು. ಲಿಫ್ಟಿಗೆ ಕಾಯ್ಬೇಡ."

ಓಡಿದೆ. ಲ್ಯಾಬಿನಲ್ಲಿ ಚೂರನ್ನು ಆಗಿಂದಾಗಲೇ ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ ನೋಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಆದರೆ ದಿನಗಟ್ಟಲೆ ಹದ ಮಾಡಿ ನೋಡಿದಷ್ಟು ಸ್ಪಷ್ಟ ಇರುವುದಿಲ್ಲ. ಲ್ಯಾಬಿನ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ, "ಸಂಶಯ ಉಂಟು. ಇಲ್ಲ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದರು. ಹಿಂದೆ ಓಡಿ ಹೇಳಿದೆ. ಮೇಡಂ ಇನ್ನೂ ಹಿಂದಿನಿಂದ ಎರಡು ಚೂರು ಕೊಟ್ಟರು. ಮತ್ತೆ ಮೆಟ್ಟಿಲು, ಮತ್ತೆ ಇಪ್ಪತ್ತು ನಿಮಿಷ. ಅದೇ ಉತ್ತರ.

"ನೀನು ಇಣುಕಿ ನೋಡಿದ್ಯಾ?"

"ನೋಡಿದೆ ಮೇಡಂ."

"ಎಂತ ಅನ್ನಿಸ್ತು?"

ಏನೂ ಇಲ್ಲ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಈ ಕಣ್ಣು ಉಳಿದರೆ ನನ್ನ ಏಳು ತಿಂಗಳೂ ಸ್ವಲ್ಪ ತೊಳೆದು ಹೋಗುತ್ತದೆ ಎಂಬ ಲೆಕ್ಕ ತಲೆಯೊಳಗೆ ಓಡುತ್ತಿತ್ತು. "ನನಗೂ ಸಂಶಯ," ಎಂದೆ.

ಅವರು ಸಲಕರಣೆಯನ್ನು ತಟ್ಟೆಯಲ್ಲಿಟ್ಟು ಎರಡೂ ಕೈ ಕಟ್ಟಿಕೊಂಡು ನಿಂತರು. ನರ್ಸು ಬೆವರು ಒರೆಸಲು ಬಂದರೆ ತಲೆಯಾಡಿಸಿ ಬೇಡವೆಂದರು. ಕಣ್ಣು ಉಳಿಸಿ, ರೋಗ ಅಲ್ಲಿದ್ದರೆ ಆಚಾರ್ರು ಎರಡು ವರ್ಷ ಬದುಕುವುದಿಲ್ಲ. ತೆಗೆದು, ರೋಗ ಇಲ್ಲದಿದ್ದರೆ? ಎಷ್ಟು ಹೊತ್ತು ನಿಂತಿದ್ದರೋ ಗೊತ್ತಿಲ್ಲ. ಆಮೇಲೆ "ತೆಗೆಯುವ," ಎಂದರು. ನಾನು ಗೋಡೆಯ ಮೇಲಿನ ಸ್ಕ್ಯಾನನ್ನು ನೋಡುತ್ತ ನಿಂತೆ, ಬೇರೆಲ್ಲೂ ನೋಡಲು ಆಗಲಿಲ್ಲ.

ಎಚ್ಚರವಾದ ಮೇಲೆ ಮೇಡಂ ತಾವೇ ಹೋಗಿ ಕನ್ನಡದಲ್ಲಿ ಹೇಳಿದರು. ಆಚಾರ್ರು ಬ್ಯಾಂಡೇಜಿನ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಗೆದ್ದಲು?"

"ಕಂಡದ್ದೆಲ್ಲ ತೆಗೆದಿದ್ದೇನೆ."

"ಹಾಗಾದ್ರೆ ಆಯ್ತು. ಜೀವಕ್ಕೆ ಕಣ್ಣು ಕೊಟ್ಟೆ ಅಂತ ಆಯ್ತು."

ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಬಾಯಮ್ಮ ಜೀವ ಉಳಿಸಿದರು, ದೇವರ ಹಾಗೆ ಬಂದರು ಎಂದರು. ಮೇಡಂ ವಾರ್ಡಿಗೆ ಬಂದರೆ ಹಾಸಿಗೆಯಲ್ಲೇ ಎದ್ದು ಕೂರುತ್ತಿದ್ದರು.

ತೆಗೆದದ್ದನ್ನೆಲ್ಲ ಹದ ಮಾಡಿ ನೋಡಿದ ಕೊನೆಯ ರಿಪೋರ್ಟು ಬರುವ ಹೊತ್ತಿಗೆ ಆಚಾರ್ರು ಮನೆಗೆ ಹೋಗಿದ್ದರು. ಮೇಡಂ ಅದನ್ನು ಓದಿ, ನಂಬದೆ, ಲ್ಯಾಬಿಗೆ ನಡೆದುಕೊಂಡು ಹೋಗಿ, ಒಂದೊಂದು ಗಾಜಿನ ಸ್ಲೈಡನ್ನೂ ತಾವೇ ನೋಡಿದರಂತೆ. ಸಂಜೆ ನನಗೆ ಫೋನು ಬಂತು. ಮೇಡಂ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

"ರೋಗ ಪೊರೆಯಲ್ಲೇ ನಿಂತಿತ್ತು. ಕೊಬ್ಬಿನಲ್ಲಿ ಬರೀ ಊತ. ಕಣ್ಣು ಶುದ್ಧ ಇತ್ತು."

ನನ್ನ ಬಾಯಿಂದ ಬಂದ ಮೊದಲ ಮಾತು, ಇದನ್ನು ಆಚಾರ್ರಿಗೆ ಹೇಳುವುದು ಬೇಡ ಎಂದು. ವಿಭಾಗದ ಇತರರೂ ಅವರಿಗೆ ಅದನ್ನೇ ಹೇಳಿದ್ದರು. ಯಾರ ತಪ್ಪೂ ಇಲ್ಲ, ಸಹಿ ಇದೆ, ಆ ಹೊತ್ತಿಗೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆ ಮನುಷ್ಯ ನೆಮ್ಮದಿಯಾಗಿದ್ದಾರೆ, ಯಾಕೆ ಕೆಡಿಸುವುದು?

"ತಪ್ಪು ಮಾಡಿದ್ದೇನೆ ಅಂತ ನಾನು ಹೇಳ್ತಾ ಇಲ್ಲ," ಎಂದರು ಮೇಡಂ. "ಕಣ್ಣು ಅವರದ್ದು. ಅದರ ರಿಪೋರ್ಟೂ ಅವರದ್ದು. ನಿನ್ನನ್ನು ಆ ಬೆಂಚಿಗೆ ಕಳಿಸಿದವಳು ನಾನು, ಅಲ್ವಾ? ನಿನಗೊಂದು ನಿಯಮ, ನನಗೊಂದಾ? ನಾಳೆ ಕಾರು ತಾ."

ಪರ್ಕಳದಲ್ಲಿ ಅವರನ್ನು ಹತ್ತಿಸಿಕೊಂಡೆ. ಹಿರಿಯಡ್ಕದವರೆಗೂ ಅವರು ರಿಪೋರ್ಟನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಕೂತಿದ್ದರು. ಎದುರಿನಿಂದ ಬಸ್ಸುಗಳು ಮೈಮೇಲೆ ಬರುವ ಹಾಗೆ ಬರುತ್ತಿದ್ದವು, ಅವರಿಗೆ ಅದರ ಪರಿವೆಯಿರಲಿಲ್ಲ. ಆಚಾರ್ರು ಚಾವಡಿಯಲ್ಲಿ ಕೂತು ಒಂದು ಮರದ ರೀಪನ್ನು ಎಡಗಣ್ಣಿನ ಮುಂದೆ ಹಿಡಿದು ನೋಡುತ್ತಿದ್ದರು. ಮೇಡಮ್ಮನ್ನು ಕಂಡು ಅದನ್ನು ಕೆಳಗಿಟ್ಟು ಎದ್ದರು. ಮುಖವೆಲ್ಲ ನಗು. "ಬಾಯಮ್ಮ ನಮ್ಮ ಮನೆಗೆ!" ಹೆಂಡತಿ ಒಳಗಿನಿಂದ ಎರಡು ಎಳನೀರು ಬೊಂಡ ಕೆತ್ತಿ ತಂದರು. ಮೇಡಂ ಬೊಂಡ ಮುಟ್ಟಲಿಲ್ಲ. ಕೂತುಕೊಳ್ಳಲೂ ಇಲ್ಲ. ನಿಂತೇ, ಕನ್ನಡದಲ್ಲಿ, ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದರು. ಕೊನೆಯ ವಾಕ್ಯ, "ಆ ಕಣ್ಣನ್ನು ಉಳಿಸಬಹುದಿತ್ತು, ಆ ದಿನ ನನಗೆ ಅದು ಗೊತ್ತಾಗಲಿಲ್ಲ."

ಆಚಾರ್ರು ಮತ್ತೆ ಕುಳಿತರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆಚಾರ್ರು ತುಳುವಿನಲ್ಲಿ ಮಾತಾಡಿದರು.

"ಇದನ್ನು ಹೇಳದಿದ್ರೆ ಆ‌ಗ್ತಿರ್ಲಿಲ್ವಾ ಬಾಯಮ್ಮ? ಜೀವಕ್ಕೆ ಬದಲು ಕೊಟ್ಟೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಕಣ್ಣು ತೆಗೆದ್ರಿ. ಈಗ ಮನೆಗೆ ಬಂದು ಅದನ್ನೂ ತೆಗೆದ್ರಿ."

ಮೇಡಂ ರಿಪೋರ್ಟನ್ನು ಚಾಚಿದರು, ಆಚಾರ್ರು ಕೈಯೊಡ್ಡಲಿಲ್ಲ.

"ಇನ್ನು ನಿಮ್ಮ ಕೈಯ ಮದ್ದು ನನಗೆ ಬೇಡ."

"ಆಯ್ತು ಆಚಾರ್ರೇ. ಆದ್ರೆ ತಪಾಸಣೆ ಬಿಡ್ಬೇಡಿ. ನನ್ನ ಹತ್ತಿರ ಬೇಡ, ಎಲ್ಲಿಯಾದ್ರೂ ಸರಿ," ಎಂದು ರಿಪೋರ್ಟನ್ನು ಜಗಲಿಯ ಮೇಲಿಟ್ಟು ಅಂಗಳಕ್ಕಿಳಿದರು.

ಕಾರಿನಲ್ಲಿ ಅವರು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕರವಸ್ತ್ರ ಸಿಗದೆ ಸೆರಗಿನಿಂದಲೇ ಮೂಗು ಒರೆಸಿಕೊಂಡರು. ಪರ್ಕಳ ಬಂದರೂ ಇಳಿಯದೆ, "ಆಸ್ಪತ್ರೆಯವರೆಗೆ ಬಿಡು, ಮನೆಯಲ್ಲಿ ಒಬ್ಬಳೇ ಕೂತ್ಕೊಳ್ಲಿಕ್ಕೆ ಆಗುದಿಲ್ಲ," ಎಂದರು. ಮರುದಿನ ಬೆಳಿಗ್ಗೆ ಮತ್ತೆ ಮಣೆ ಹತ್ತಿ ನಿಂತಿದ್ದರಂತೆ.

ಆಚಾರ್ರು ಮಾತಿನಂತೆ ನಡೆದರು. ಬೇರೆ ಆಸ್ಪತ್ರೆಗೆ ಹೋಗಿ ವಿಕಿರಣ ಚಿಕಿತ್ಸೆ ಮುಗಿಸಿಕೊಂಡು, ತಪಾಸಣೆಗೆ ನನ್ನ ಹತ್ತಿರ ಬಂದರು. ನನಗೆ ಆಶ್ಚರ್ಯ. ಏಳು ತಿಂಗಳು ಕಳೆದವನು ನಾನು, ನನ್ನ ಹತ್ತಿರ ಯಾಕೆ? ತಡೆಯಲಾಗದೆ ಒಮ್ಮೆ ಕೇಳಿಯೇಬಿಟ್ಟೆ. "ನೀವು ಸಹಿಗೆ ಮೊದಲೇ ಹೇಳಿದ್ರಿ. ನಿಮಗೆ ಬೈಯ್ಲಿಕ್ಕೆ ನನಗೆ ಸಮಯ ಸಿಕ್ಕಿತು," ಎಂದರು. ಮೊದಲು ತಿಂಗಳಿಗೊಮ್ಮೆ, ಮತ್ತೆ ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ಬರುತ್ತಿದ್ದರು. ಮೂಗಿನೊಳಗೆ ಒಂದು ಕೆಂಪು ಚುಕ್ಕೆ ಕಂಡರೂ ಅದು ಗಾಯದ ಕಲೆ ಎಂದು ಖಾತ್ರಿಯಾಗುವವರೆಗೆ ನನಗೆ ಅನ್ನ ಸೇರುತ್ತಿರಲಿಲ್ಲ. ಅವರು ಬಂದು ಹೋದ ಸಂಜೆಯೇ ಮೇಡಮ್ಮಿನ ಫೋನು ಬರುತ್ತಿತ್ತು, ದಿನ ಅವರಿಗೆ ಹೇಗೆ ನೆನಪಿರುತ್ತಿತ್ತೋ. "ಹೇಗುಂಟು?" ಎಂದಷ್ಟೇ ಕೇಳುತ್ತಿದ್ದರು. ಯಾರದ್ದು ಎಂದು ಅವರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ನಿವೃತ್ತರಾಗಿ ಕಾಪುವಿಗೆ ಹೋದ ಮೇಲೂ ಆ ಫೋನು ತಪ್ಪಲಿಲ್ಲ. ಕೊನೆಯ ಸಲ ಮಾತಾಡಿದಾಗ ದನಿ ಸೋತಿತ್ತು, ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಮಾತಾಡಿದರು. ಮೂಗು ಚೆನ್ನಾಗಿದೆ ಎಂದೆ. ಫೋನು ಇಡುತ್ತಾರೆಂದುಕೊಂಡೆ, ಇಡಲಿಲ್ಲ.

"ಸಿಟ್ಟು ಉಂಟಾ ಇನ್ನೂ?"

"ಗೊತ್ತಿಲ್ಲ ಮೇಡಂ. ನಿಮ್ಮ ಮಾತೇ ತೆಗೆಯುದಿಲ್ಲ. ಕೇಳಿ ನೋಡ್ಲಾ?"

"ಬೇಡ, ಬೇಡ," ಎಂದರು. "ಅದನ್ನು ಕೇಳುವ ಹಕ್ಕು ನಮಗಿಲ್ಲ."

ಅವರು ಹೋಗಿ ಮೂರು ವಾರದ ಮೇಲೆ ಆಚಾರ್ರ ತಪಾಸಣೆಯ ದಿನ ಬಂತು. ಎರಡೂ ಕಡೆ ನೋಡಿದೆ. ಏನೂ ಇರಲಿಲ್ಲ. ಐದು ವರ್ಷ ದಾಟಿತು, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದೆ. ಅವರು ಏಳಲಿಲ್ಲ. ಕಪ್ಪು ಗಾಜಿನ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು.

"ಬಾಯಮ್ಮನ ಫೋಟೋ ಪೇಪರಿನಲ್ಲಿ ನೋಡಿದೆ."

"ಹೌದು ಆಚಾರ್ರೇ."

"ನಿಮಗೆ ಹೇಳ್ಲಿಲ್ಲ ನಾನು. ಮೊನ್ನೆ ಮೊನ್ನೆ ಹೋದ ಸಿಟ್ಟಲ್ಲ ಅದು. ಎಡಗಣ್ಣಿನಲ್ಲಿ ಮೊದಲ ಬಾಗಿಲು ಕೂರಿಸಿದ ದಿನವೇ ಹೋಗಿತ್ತು. ಹೇಳಿ ಬರುವ ಅಂತ ಎರಡು ಸಲ ಪರ್ಕಳಕ್ಕೆ ಹೋದೆ. ಅವರ ಗೇಟಿನ ಎದುರು ನಿಂತಾಗ ಎಂತ ಹೇಳುದು ಅಂತ ಗೊತ್ತಾಗದೆ ಮತ್ತೆ ಬಸ್ಸು ಹತ್ತಿದೆ." ಕನ್ನಡಕ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನನಗೆ ಸಿಟ್ಟಿಲ್ಲ ಅಂತ ಅವರಿಗೆ ಗೊತ್ತಿತ್ತಾ ಡಾಕ್ಟ್ರೇ?"

ಹೌದು ಎಂದರೆ ಮುಗಿಯುತ್ತಿತ್ತು. ಅಲ್ಲವೆಂದು ಹೇಳಲು ಎದ್ದು ಬರುವವರು ಯಾರೂ ಇರಲಿಲ್ಲ. ಆಚಾರ್ರು ಹಗುರಾಗಿ ಮನೆಗೆ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ. ಅವರು ಕೇಳುತ್ತಿದ್ದುದೂ ಅದೊಂದು ಮಾತನ್ನೇ, ಬೇಡುವವರ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು.

"ಇಲ್ಲ ಆಚಾರ್ರೇ," ಎಂದೆ. "ಅವರಿಗೆ ಗೊತ್ತಿರಲಿಲ್ಲ."